ಕೊಟ್ಟಿಗೆಯ ತಂತಿಗೆ ಚುಚ್ಚಿದ ಕಾಗದಗಳು

ಹಳೆಯ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ವಾರ ಗೆದ್ದಲಿನ ಪಾಠ ಇರುತ್ತದೆ. ಆಮೇಲೆ ಇಲಿ, ತೇವ, ಬಿಸಿಲು. ತರಬೇತಿಯಲ್ಲಿ ನನಗೂ ಇವನ್ನೆಲ್ಲ ಹೇಳಿಕೊಟ್ಟರು, ನಾನೂ ಶ್ರದ್ಧೆಯಿಂದ ಬರೆದುಕೊಂಡೆ. ಮೇಲಧಿಕಾರಿಯ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಗೆದ್ದಲು ಅಂಚಿನಿಂದ ತಿನ್ನುತ್ತಾ ಬರುತ್ತದೆ, ನೋಡುವ ಕಣ್ಣಿದ್ದರೆ ಅರ್ಧದಲ್ಲೇ ನಿಲ್ಲಿಸಬಹುದು. ಮೇಲಧಿಕಾರಿ ಹಾಗಲ್ಲ, ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರೆ ಸಾಕು.

ಈಗ ಈ ಕೆಲಸಕ್ಕೆ ಓದಿಕೊಂಡ ಹುಡುಗ ಹುಡುಗಿಯರು ಬರುತ್ತಿದ್ದಾರೆ, ಸಂತೋಷ. ಅವರಿಗಾಗಿಯೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುವ ದಿನ ಯಾರು ಹಾರ ಹಾಕಿದರು ಎಂಬುದೆಲ್ಲ ಯಾರಿಗೂ ಬೇಡ. ನಾನು ಹೇಳಬೇಕಾಗಿರುವುದು ಅಜ್ಜಂಪುರದ ಒಂದು ಕೊಟ್ಟಿಗೆಯಲ್ಲಿ, ತಂತಿಗೆ ಚುಚ್ಚಿ ತೂಗುಹಾಕಿದ್ದ ಒಂದಷ್ಟು ಕಾಗದಗಳ ಸಂಗತಿ. ಅವನ್ನು ಜೋಪಾನವಾಗಿ ಇಡುತ್ತೇವೆಂದು ಒಬ್ಬ ಹೆಂಗಸಿಗೆ ಮಾತು ಕೊಟ್ಟಿದ್ದೆವು. ಆ ಮಾತು ಏನಾಯಿತು ಎಂಬುದನ್ನು ಹೊಸಬರು ತಿಳಿದಿರಬೇಕು.

ಕಾಗದಗಳು ರಂಗಪ್ಪ ಮೇಷ್ಟ್ರದು. ಮೈಸೂರಿನಲ್ಲಿ ಬಹಳ ಕಾಲ ತತ್ವಶಾಸ್ತ್ರದ ಪಾಠ ಹೇಳಿ, ಇಂಗ್ಲಿಷಿನಲ್ಲಿ ಎರಡು ಪುಸ್ತಕ ಬರೆದು, ನಿವೃತ್ತರಾದ ಮೇಲೆ ಹುಟ್ಟೂರು ಅಜ್ಜಂಪುರಕ್ಕೆ ಬಂದು ತಂಗಿ ನಿಂಗಮ್ಮನವರ ಜೊತೆ ಇದ್ದವರು. ಊರಿಗೆ ಬಂದ ಮೇಲೆ ಪುಸ್ತಕ ಬರೆಯುವುದನ್ನು ಬಿಟ್ಟು ಕಾಗದ ಬರೆಯುವುದನ್ನೇ ಕೆಲಸ ಮಾಡಿಕೊಂಡರು. ಒಬ್ಬನೇ ಕೂತು ಯೋಚಿಸುವವನು ತನ್ನ ಮಾತಿಗೆ ತಾನೇ ತಲೆಯಾಡಿಸುವುದನ್ನು ಕಲಿತುಬಿಡುತ್ತಾನೆ, ಎದುರಿಗೆ ಕೇಳುವವರೊಬ್ಬರು ಇದ್ದರೇ ಯೋಚನೆ ನೆಟ್ಟಗಿರುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ವಿದ್ವಾಂಸರು ಕೇಳಿದರೂ ಉತ್ತರ, ಬುಕ್ಕಾಂಬುಧಿಯ ರೈತರು ಕೇಳಿದರೂ ಉತ್ತರ. ಬಂದ ಕಾಗದವನ್ನು ತಂತಿಗೆ ಚುಚ್ಚುವುದು, ಅದರ ಮೇಲೆ ತಮ್ಮ ಉತ್ತರದ ನಕಲನ್ನು ಚುಚ್ಚುವುದು. ನಮ್ಮ ಮನೆಗಳಲ್ಲೆಲ್ಲ ಗೋಡೆಯ ಮೊಳೆಗೆ ಒಂದೊಂದು ಅಂಥ ತಂತಿ ಇರುತ್ತಿತ್ತಲ್ಲ, ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ, ಅದೇ. ಅವರ ಮನೆಯಲ್ಲಿ ಸಾಲಾಗಿ ಇದ್ದವು, ಒಂದು ಪ್ರಶ್ನೆಗೆ ಒಂದು ತಂತಿ. ಸುಳ್ಳಿನದು ಒಂದು, ಕಾಲದ್ದು ಒಂದು, ಋಣದ್ದು ಒಂದು. ಪ್ರಶ್ನೆ ಮುಗಿಯುವ ತನಕ ತಂತಿ ಇಳಿಸುವ ಹಾಗಿಲ್ಲ. ಅವರು ತೀರಿಕೊಳ್ಳುವ ಹೊತ್ತಿಗೆ ಒಂದೂ ಇಳಿದಿರಲಿಲ್ಲ.

ಸಾವಿನ ತಂತಿ ಮಾತ್ರ ಕೊಟ್ಟಿಗೆಯಲ್ಲಿತ್ತು. ಅದಕ್ಕೆ ಕಾರಣ ನಿಂಗಮ್ಮನವರು. ಸಾವಿನ ಸುದ್ದಿಯ ಕಾಗದವನ್ನು ನಮ್ಮ ಕಡೆ ಮನೆಯೊಳಗೆ ಇಡುವುದಿಲ್ಲ. ಅದರ ತಲೆಯ ಮೇಲೆ ಶ್ರೀಕಾರ ಇರುವುದಿಲ್ಲವಾದ್ದರಿಂದ ಕೈಗೆ ಬಂದ ಕೂಡಲೇ ತಿಳಿದುಹೋಗುತ್ತದೆ. ಅಂಗಳದಲ್ಲೇ ನಿಂತು ಓದಿ, ಅಲ್ಲೇ ಹರಿದು ಬಿಸಾಡಬೇಕು. ಮೇಷ್ಟ್ರು ಹರಿಯುವುದಿಲ್ಲ ಎಂದರು. ನಿಂಗಮ್ಮನವರು ಒಳಗೆ ತರುವುದಿಲ್ಲ ಎಂದರು. ಅಣ್ಣ ತಂಗಿ ಎರಡು ದಿನ ಮಾತು ಬಿಟ್ಟು, ಕೊನೆಗೆ ಕೊಟ್ಟಿಗೆಯ ತೊಲೆಗೆ ಒಂದು ಮೊಳೆ ಹೊಡೆದು ಇತ್ಯರ್ಥ ಮಾಡಿಕೊಂಡರಂತೆ.

ಅಂದಿನಿಂದ ಸುತ್ತಮುತ್ತಲಿಂದ ಬಂದ ಸಾವಿನ ಕಾರ್ಡುಗಳೆಲ್ಲ ಅಲ್ಲಿಗೆ. ಮೇಷ್ಟ್ರು ದನಗಳ ನಡುವೆ ಸ್ಟೂಲು ಹಾಕಿಕೊಂಡು ಉತ್ತರ ಬರೆಯುತ್ತಿದ್ದರು. ಅಂಥ ಒಂದು ಕಾರ್ಡು ನನಗೆ ಬಾಯಿಪಾಠವಾಗಿದೆ. ಬರೆದವನು ಬುಕ್ಕಾಂಬುಧಿಯ ಒಬ್ಬ ರೈತ: "ನಮ್ಮ ತಂದೆಯವರು ನೆನ್ನೆ ಹೋದರು. ಇವತ್ತು ಎಮ್ಮೆ ಈದಿದೆ, ಹೆಣ್ಣುಗರು. ಯಾವುದಕ್ಕೆ ಏನನ್ನಬೇಕೋ ತಿಳಿಯದು." ಮೇಲೆ ಚುಚ್ಚಿದ್ದ ಮೇಷ್ಟ್ರ ಉತ್ತರ: "ನಿಮ್ಮ ಕಾರ್ಡಿನಲ್ಲಿ ಎರಡು ಸುದ್ದಿ ಇವೆ, ಎರಡನ್ನೂ ಒಂದೇ ಕೈ ಬರೆದಿದೆ. ನಾನು ಇಷ್ಟು ವರ್ಷ ಹೇಳಿದ ಪಾಠದಲ್ಲಿ ಆ ಕೈಯ ವಿಚಾರ ಬರಲೇ ಇಲ್ಲ. ಗಿಣ್ಣು ಕಾಯಿಸಿ ಎಲ್ಲರಿಗೂ ಕೊಡಿ, ಬೇಡ ಎಂದವರಿಗೂ ಕೊಡಿ. ಆಮೇಲೆ ನನಗೆ ಇನ್ನೊಂದು ಕಾರ್ಡು ಬರೆಯಿರಿ." ಆತ ಬರೆದಿದ್ದ. ಅದಕ್ಕೂ ಉತ್ತರ ಇತ್ತು. ಕೊನೆಗಾಲದಲ್ಲಿ ಮೇಷ್ಟ್ರು ಸಾವಿನ ಬಗ್ಗೆ ಒಂದು ಪುಸ್ತಕ ಶುರುಮಾಡಿದ್ದರು, ಅದರ ಹಸ್ತಪ್ರತಿಯಲ್ಲಿ ಪುಟಕ್ಕೆ ಒಂದೆರಡು ಕಡೆ "ಇಲ್ಲಿ ಕೊಟ್ಟಿಗೆಯ ತಂತಿಯಿಂದ" ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದರು. ಅಂದರೆ ತಂತಿ ಇಲ್ಲದಿದ್ದರೆ ಪುಸ್ತಕವಿಲ್ಲ. ಇಷ್ಟು ತಿಳಿದುಕೊಳ್ಳಲು ತತ್ವಶಾಸ್ತ್ರ ಓದಿರಬೇಕಾಗಿಲ್ಲ.

ಮೇಷ್ಟ್ರ ಶಿಷ್ಯರು ಸೇರಿ ಕಡೂರಿನಲ್ಲಿ ಒಂದು ಟ್ರಸ್ಟ್ ಮಾಡಿದ್ದು ಎಪ್ಪತ್ತರ ದಶಕದ ನಡುವೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಹಡಿಯ ಮೇಲೆ ಮೂರು ಕೋಣೆ, ಕೆಳಗೆ ಕೊಬ್ಬರಿ ಮಂಡಿ. ನಾನು ಅಲ್ಲಿ ಪಟ್ಟಿ ಮಾಡುವ ಸಹಾಯಕಿ. ನನ್ನ ಮೇಲೆ ಬೆಂಗಳೂರಿನಿಂದ ಬಂದ ವಿಶೇಷಾಧಿಕಾರಿಗಳು. ಅವರ ಹೆಸರು ಬರೆಯುವುದಿಲ್ಲ, ಈಗಲೂ ಸಭೆಗಳಲ್ಲಿ ಅಧ್ಯಕ್ಷತೆ ವಹಿಸುತ್ತಿದ್ದಾರೆ. ಸಾಹೇಬರು ಎಂದರೆ ಸಾಕು.

ಕಾಗದಗಳನ್ನು ತರಲು ಅಜ್ಜಂಪುರಕ್ಕೆ ಹೋದ ದಿನ ನಿಂಗಮ್ಮನವರು ಒಂದು ಬಿಡಿಗಾಸು ಕೇಳಲಿಲ್ಲ. ಮಜ್ಜಿಗೆ ಕೊಟ್ಟು, ಒಳಗಿನ ತಂತಿಗಳನ್ನು ಒಂದೊಂದಾಗಿ ತಾವೇ ಇಳಿಸಿಕೊಟ್ಟರು. ಎಲ್ಲ ಆದ ಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದರು.

"ಇದೂ ನಮ್ಮಣ್ಣಂದೇ. ಇದನ್ನೂ ತಗಂಡೋಗಿ. ಆದ್ರೆ ಒಳಗಿನ್ವು ಒಂದು ಕೋಣೇಲಿ ಇದ್ರೆ ಇದು ಇನ್ನೊಂದು ಕಡೆ ಇರ್ಬೇಕು, ಮೆಟ್ಲ ಹತ್ರನಾದ್ರೂ ಸರಿ," ಎಂದರು. ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದುಕೊಂಡು ಆಗಲಿ ಆಗಲಿ ಎಂದರು. ನಿಂಗಮ್ಮನವರಿಗೆ ಅವರ ದನಿಯಲ್ಲಿ ಏನೋ ಕಂಡಿರಬೇಕು. "ಬೇರೆ ಇಡಿ ಅಂದೆ, ಸ್ವಾಮಿ. ಬಿಸಾಕಿ ಅನ್ಲಿಲ್ಲ," ಎಂದು ಇನ್ನೊಮ್ಮೆ ಹೇಳಿದರು.

ಜಗಲಿಯಲ್ಲಿ ಕೂತು ಸಾಹೇಬರು ರಸೀದಿ ಬರೆದುಕೊಟ್ಟರು. ಒಳಗಿನ ತಂತಿಗಳೆಲ್ಲ ಅದರಲ್ಲಿ ಬಂದವು. ಕೊಟ್ಟಿಗೆಯದು ಬರಲಿಲ್ಲ. ನಾನು ನೆನಪಿಸಿದೆ. ಸಗಣಿ ವಾಸನೆಯ ಪೋಸ್ಟ್ ಕಾರ್ಡುಗಳನ್ನು ಟ್ರಸ್ಟಿನ ದಾಖಲೆಗೆ ಏರಿಸಿದರೆ ನಾಳೆ ನಗೆಪಾಟಲಾಗುತ್ತದೆ, ಮುದುಕಿಯ ಸಮಾಧಾನಕ್ಕೆ ಬೇಕಾದರೆ ಎತ್ತಿಕೊಂಡು ಬನ್ನಿ ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಅವರು ಕಾರಿನಲ್ಲಿ ಹೋದರು. ನಾನು ಆ ತಂತಿಯನ್ನು ಒಂದು ಹಳೇ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಬೀರೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದೆ. ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ಗಂಟಿನಲ್ಲಿ ಏನಿದೆ ಎಂದು ಕೇಳಿದಳು. ಇದ್ದದ್ದನ್ನು ಹೇಳಿದೆ. ಮಗುವನ್ನು ಎತ್ತಿಕೊಂಡು ಬೇರೆ ಡಬ್ಬಿಗೇ ಹೋದಳು. ಕಾಲು ಚಾಚಿ ಕೂರಲು ನನಗೆ ಜಾಗವಾಯಿತು.

ಇನ್ನು ಕೆಲಸದ ರೀತಿ. ಬಂದ ವಾರವೇ ಸಾಹೇಬರ ಆಜ್ಞೆ ಆಯಿತು. ಎಲ್ಲ ಕಾಗದಗಳನ್ನೂ ತಂತಿಗಳಿಂದ ಬಿಡಿಸಿ, ಬರೆದವರ ಯೋಗ್ಯತೆಯ ಪ್ರಕಾರ ಮೂರು ಭಾಗ ಮಾಡಬೇಕು. ಮೊದಲನೆಯದು ಗಣ್ಯರು, ಎರಡನೆಯದು ವಿದ್ವಾಂಸರು, ಮೂರನೆಯದು ಇತರೆ. ಮೇಷ್ಟ್ರು ಒಂದು ಪ್ರಶ್ನೆಯ ಸುತ್ತ ಕೂರಿಸಿದ್ದ ಜನರನ್ನು ನಾವು ಮದುವೆ ಮನೆಯಲ್ಲಿ ಕಾರು ನೋಡಿ ಪಂಕ್ತಿ ಹಾಕುವವರ ಹಾಗೆ ಎಬ್ಬಿಸಿ ಬೇರೆ ಬೇರೆ ಕಡೆ ಕೂರಿಸಿದೆವು. ಸುಳ್ಳಿನ ತಂತಿಯಲ್ಲಿ ತರೀಕೆರೆಯ ಒಬ್ಬ ಶಾನುಭೋಗರ ಪ್ರಶ್ನೆ, ಅದಕ್ಕೆ ಮೈಸೂರಿನ ಒಬ್ಬ ಪಂಡಿತರ ಆಕ್ಷೇಪಣೆ, ಎರಡಕ್ಕೂ ಸೇರಿಸಿ ಮೇಷ್ಟ್ರ ಉತ್ತರ ಇದ್ದವು. ನಮ್ಮ ವಿಂಗಡಣೆಯಲ್ಲಿ ಪಂಡಿತರು ಒಂದು ಕೋಣೆಗೆ, ಶಾನುಭೋಗರು ಇನ್ನೊಂದು ಕೋಣೆಗೆ, ಉತ್ತರ ಯಾರಿಗೆಂದು ತಿಳಿಯದೆ ಮೇಜಿನ ಮೇಲೆ. ಬಿಡಿಸುವ ಮೊದಲು ನಾನು ಪ್ರತಿ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ತಂತಿಯ ಹೆಸರು, ಅದರಲ್ಲಿ ಎಷ್ಟನೆಯದು ಎಂದು ಬರೆಯುತ್ತಾ ಹೋದೆ. ತರಬೇತಿಯಲ್ಲಿ ಕಲಿಸಿದ್ದೇ ಅದು, ಇದ್ದ ಕ್ರಮ ಕೆಡಿಸಬೇಡಿ, ಕೆಡಿಸಲೇಬೇಕಾದರೆ ಗುರುತು ಬಿಡಿ ಎಂದು. ಹೊಸಬರೇ, ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ. ಪಟ್ಟಿ ಮಾಡುವ ಕಾರ್ಡು ಹೋಗಿ ರಿಜಿಸ್ಟರು ಬಂತು, ರಿಜಿಸ್ಟರಿನ ಮೇಲೆ ಟೈಪು ಬಂತು, ಎಂಬತ್ತರ ಹೊತ್ತಿಗೆ ಕಡೂರಿಗೂ ಜೆರಾಕ್ಸ್ ಬಂತು. ಎಲ್ಲ ಬದಲಾದರೂ ಹಾಳೆಯ ಹಿಂದಿನ ಆ ಪೆನ್ಸಿಲ್ಲಿನ ಗುರುತು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಸಾಹೇಬರಿಗೆ ಪೆನ್ಸಿಲು ಕಂಡರೆ ಆಗದು. ಅವರಿಗೆ ಸೀಲು ಬೇಕು. ದುಂಡನೆಯ, ದೊಡ್ಡ, ನೇರಳೆ ಶಾಯಿಯ ಸೀಲು. ಎಲ್ಲಿ ಒತ್ತಬೇಕು ಎಂದು ಕೇಳಿದ್ದಕ್ಕೆ, ಎದ್ದು ಕಾಣುವ ಕಡೆ ಎಂದರು. ಎದ್ದು ಕಾಣುವುದು ಬರಹದ ನಡುವೆಯೇ. ಋಣದ ಬಗ್ಗೆ ಬರೆದ ಒಂದು ಒಳ್ಳೆಯ ಉತ್ತರದಲ್ಲಿ ಮುಖ್ಯವಾದ ವಾಕ್ಯ ಟ್ರಸ್ಟಿನ ಹೆಸರಿನ ಕೆಳಗೆ ಇವತ್ತಿಗೂ ಮುಚ್ಚಿಕೊಂಡಿದೆ. ಬೆಳಕಿಗೆ ಹಿಡಿದರೆ "ತೀರಿಸಿದ ಮೇಲೂ" ಎಂಬಷ್ಟು ಕಾಣುತ್ತದೆ, ಮುಂದೆ ಬರೀ ನೇರಳೆ.

ಇನ್ನೊಂದು ಸಲ ಬೆಂಗಳೂರಿನಿಂದ ಹೊಳೆಯುವ ಅಂಟುಪಟ್ಟಿ ತಂದು, ಹರಿದ ಕಾಗದಗಳಿಗೆಲ್ಲ ಹಚ್ಚಿಸಿದರು. ಆ ಟೇಪು ಮುಂದೆ ಕಂದುಬಣ್ಣಕ್ಕೆ ತಿರುಗಿ ಅಕ್ಷರಗಳನ್ನು ನುಂಗುತ್ತದೆ ಎಂದು ನಾನು ಟಿಪ್ಪಣಿ ಬರೆದು ಕೊಟ್ಟೆ. ಅದನ್ನೂ ಟೇಪು ಹಚ್ಚಿಯೇ ಫೈಲಿಗೆ ಸೇರಿಸಿದರು. ತರೀಕೆರೆಯ ಬೈಂಡರ್ ರಹೀಂ ಸಾಬ್ರು ನಮ್ಮ ರಿಜಿಸ್ಟರುಗಳನ್ನು ಕಟ್ಟಿಕೊಡುತ್ತಿದ್ದವರು. ಅವರು ಅದನ್ನು ನೋಡಿ, "ಅಕ್ಕಾ, ಇದು ರಿಪೇರಿ ಅಲ್ಲ, ಗಾಯಕ್ಕೆ ಜರಿ ಸೀರೆ ಸುತ್ತಿದಂಗೆ ಐತೆ," ಎಂದರು.

ಕೊಟ್ಟಿಗೆಯ ತಂತಿಯನ್ನು ಮಾತ್ರ ನಾನು ಬಿಡಿಸಲು ಬಿಡಲಿಲ್ಲ. ಪಂಚೆಯಲ್ಲಿ ಸುತ್ತಿ ನನ್ನ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿಟ್ಟಿದ್ದೆ. ಮೆಟ್ಟಿಲ ಪಕ್ಕದಲ್ಲಿ ಒಂದು ಮರದ ಬೀರು ಇತ್ತು, ನಿಂಗಮ್ಮನವರು ಕೇಳಿದ್ದಕ್ಕೆ ಹೇಳಿ ಮಾಡಿಸಿದ ಹಾಗೆ. ಅದನ್ನು ಕೊಡಿ, ಮೇಲೆ ಒಂದು ಚೀಟಿ ಅಂಟಿಸಿ ಬೀಗ ಹಾಕಿಡುತ್ತೇನೆ ಎಂದು ಬಾಯಲ್ಲೂ ಕೇಳಿದೆ, ಬರೆದೂ ಕೇಳಿದೆ. ಬೀರುವಿನಲ್ಲಿ ಸಾಹೇಬರ ಕಪ್ಪು ಸಾಸರು ಇದ್ದವು, ಅವರ ಸ್ವಂತ ಲೇಖನಗಳ ಅಚ್ಚುಪ್ರತಿಗಳಿದ್ದವು. ಜಾಗವಿಲ್ಲ ಎಂದು ಉತ್ತರ ಬಂತು. ಎರಡು ವರ್ಷ ಕೇಳಿದೆ. ಕಪ್ಪು ಸಾಸರು ಅಲ್ಲಾಡಲಿಲ್ಲ.

ನಮ್ಮ ಅಟೆಂಡರ್ ಚೌಳಹಿರಿಯೂರಿನ ಭದ್ರಪ್ಪ. ದಿನಗೂಲಿಯ ಮೇಲೆ ಇದ್ದವನು. ಓದು ಬರಹ ಅಷ್ಟಕ್ಕಷ್ಟೇ, ಅಕ್ಷರ ಕೂಡಿಸಿ ಓದುತ್ತಿದ್ದ. ಆದರೆ ಕೈ ಬಹಳ ಶುದ್ಧ. ಒಂದು ಚೂರು ಕಾಗದ ನೆಲದಲ್ಲಿ ಕಂಡರೂ ಎತ್ತಿ ತಂದು, "ಇದು ಮೇಷ್ಟ್ರದಾ, ಮಂಡೀದಾ ನೋಡಿ," ಎಂದು ಕೇಳಿ ಆಮೇಲೆ ಎಸೆಯುತ್ತಿದ್ದ.

ಒಂದು ಬೇಸಿಗೆಯಲ್ಲಿ ಟ್ರಸ್ಟಿನ ಅಧ್ಯಕ್ಷರು ಕಚೇರಿ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅವರು ಬರುವ ದಿನವೇ ನನ್ನನ್ನು ರಿಜಿಸ್ಟರು ಕಟ್ಟಿಸಿಕೊಂಡು ಬರಲು ತರೀಕೆರೆಗೆ ಕಳಿಸಿದ್ದರು. ನಾನು ಇಲ್ಲದಾಗ ಸಾಹೇಬರು ಕೋಣೆ ಕೋಣೆ ತಿರುಗಿ ಅಚ್ಚುಕಟ್ಟು ಮಾಡಿಸಿದ್ದಾರೆ. ನನ್ನ ಪೆಟ್ಟಿಗೆ ಎಳೆದು, ಗಂಟು ಬಿಚ್ಚಿ, ತುಕ್ಕು ಹಿಡಿದ ತಂತಿ ಅಧ್ಯಕ್ಷರ ಕಣ್ಣಿಗೆ ಬೀಳಬಾರದೆಂದು ಕಾಗದಗಳನ್ನು ಕಿತ್ತು ಮೇಜಿನ ಮೇಲೆ ಗುಡ್ಡೆ ಸುರಿದು, "ಭದ್ರಪ್ಪ, ಈ ಮೇಜು ಕ್ಲೀನ್ ಆಗಿರಬೇಕು," ಎಂದು ಮೆಟ್ಟಿಲಿಳಿಯುತ್ತಾ ಕೂಗಿ ಹೇಳಿ ಊಟಕ್ಕೆ ಹೋಗಿದ್ದಾರೆ. ಇದನ್ನು ನನಗೆ ಹೇಳಿದ್ದು ಭದ್ರಪ್ಪನೊಬ್ಬನೇ ಅಲ್ಲ, ಮಾತು ಕೆಳಗಿನ ಮಂಡಿಯವರಿಗೂ ಕೇಳಿಸಿತ್ತು.

ಮಧ್ಯಾಹ್ನ ನಾನು ಮೆಟ್ಟಿಲು ಹತ್ತುವಾಗ ಭದ್ರಪ್ಪ ಎದುರಿಗೆ ಬಂದ. ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದ ಕಳೆ ಇತ್ತು.

"ಅಮ್ಮಾರೆ, ಯಾರೋ ಪುಣ್ಯಾತ್ಮರು ಸಾವಿನ್ ಕಾಗ್ದ ಎಲ್ಲಾ ತಂದು ನಿಮ್ಮ ಮೇಜಿನ್ ಮ್ಯಾಲೆ ಸುರ್ದಿದ್ರು. ಒಂದ್ರಲ್ಲೂ ಶ್ರೀಕಾರ ಇಲ್ಲ, ಇಂಥವು ನಿಮ್ಗೆ ತೋರ್ಸೋ ತನ್ಕ ಇಟ್ಕೊಳ್ಳೋ ಹಂಗಿಲ್ಲ. ನೀವು ಮನೆ ಮಕ್ಳು ಇರೋರು, ದಿನಾ ಕೂರೋ ಜಾಗ. ಎಲ್ಲಾ ಹರ್ದು ಹಿತ್ಲ ಗುಂಡೀಗೆ ಹಾಕ್ಬಂದೆ."

ಕೈಯಲ್ಲಿದ್ದ ರಿಜಿಸ್ಟರುಗಳನ್ನು ಮೆಟ್ಟಿಲ ಮೇಲೆ ಇಳಿಸಿದೆ. ಅವನನ್ನು ಬೈಯುವ ಹಾಗಿರಲಿಲ್ಲ. ನಮ್ಮ ಕಡೆಯ ಯಾವ ಮನುಷ್ಯನಾದರೂ ಮಾಡುತ್ತಿದ್ದದ್ದು ಅದನ್ನೇ. ನಮ್ಮಪ್ಪನೂ ಮಾಡುತ್ತಿದ್ದರು, ನಾನೂ ನಮ್ಮ ಮನೆಯ ಅಂಗಳದಲ್ಲಿ ಮಾಡಿದ್ದೇನೆ. ಅವು ಮೇಷ್ಟ್ರ ಕಾಗದ ಎಂದು ಹೇಳಿದೆ. ಅವನು ಹಿತ್ತಲಿಗೆ ಓಡಿ ಗುಂಡಿಗೆ ಇಳಿದ.

ಮಳೆಯಿರಲಿಲ್ಲ, ಗುಂಡಿಯಲ್ಲಿ ಮಂಡಿಯವರ ತೆಂಗಿನ ನಾರು, ಚಿಪ್ಪು ಮಾತ್ರ ಇದ್ದವು. ಒಂದೂ ಚೂರು ನೆನೆದಿರಲಿಲ್ಲ. ಇನ್ನೊಂದು ಅನುಕೂಲವೂ ಆಗಿತ್ತು. ಭದ್ರಪ್ಪ ಸಿಟ್ಟಿನಿಂದ ಚಿಂದಿ ಮಾಡಿದವನಲ್ಲ, ಪದ್ಧತಿಯ ಪ್ರಕಾರ ಹರಿದವನು. ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ಹೀಗಾಗಿ ಪ್ರತಿಯೊಂದೂ ನಾಲ್ಕೇ ತುಂಡು, ನಾಲ್ಕೂ ಹೆಚ್ಚುಕಮ್ಮಿ ಒಂದೇ ಕಡೆ ಬಿದ್ದಿದ್ದವು. ಇಬ್ಬರೂ ಸೇರಿ ಮೊರದಲ್ಲಿ ತುಂಬಿ ತಂದೆವು.

ಅಷ್ಟರಲ್ಲಿ ಸಾಹೇಬರು ಬಂದರು. ವಿಷಯ ಕೇಳಿ ಅವರು ನೋಡಿದ್ದು ಮೊರವನ್ನಲ್ಲ, ಗಡಿಯಾರವನ್ನು. ಅಧ್ಯಕ್ಷರು ಬರುವ ಹೊತ್ತಾಗಿತ್ತು. ಮೊರವನ್ನು ಮರೆ ಮಾಡಿ ಎಂದರು. ಅಧ್ಯಕ್ಷರು ಬಂದರು, ಗಣ್ಯರ ಕೋಣೆ ನೋಡಿದರು, ಸೀಲು ಚೆನ್ನಾಗಿದೆ ಎಂದರು, ಹೋದರು.

ಮಾರನೆಯ ದಿನ ಸಾಹೇಬರು ಒಂದು ವರದಿ ಟೈಪು ಮಾಡಿಸಿ ನನ್ನ ಸಹಿಗೆ ಇಟ್ಟರು. ಅಟೆಂಡರ್ ಭದ್ರಪ್ಪ ಯಾರನ್ನೂ ಕೇಳದೆ ಕೆಲವು ಬಿಡಿ ಕಾಗದಗಳನ್ನು ನಾಶ ಮಾಡಿದ್ದಾನೆ, ಆದ್ದರಿಂದ ಅವನನ್ನು ಕೆಲಸದಿಂದ ಬಿಡಿಸಲಾಗಿದೆ ಎಂದಿತ್ತು. ಬಿಡಿ ಕಾಗದ ಮಾಡಿದವರು ಯಾರು ಎಂದು ಕೇಳಿದೆ. ಮೇಜು ಕ್ಲೀನ್ ಮಾಡು ಎಂದವರು ಯಾರು, ಬೀರು ಕೊಡದವರು ಯಾರು ಎಂದೂ ಕೇಳಿದೆ. ಜೀವಮಾನದಲ್ಲಿ ಮೇಲಿನವರ ಎದುರು ನಾನು ದನಿ ಎತ್ತಿದ್ದು ಅದೊಂದೇ ಸಲ, ಎತ್ತಿದ್ದು ಸಾಲದೆಂದು ಈಗಲೂ ಅನ್ನಿಸುತ್ತದೆ.

"ನೋಡೀಮ್ಮ, ಯಾರ ಮೇಲಾದರೂ ಹೊಣೆ ಬರಲೇಬೇಕಲ್ಲ," ಎಂದರು ಅವರು, ನನಗೆ ಉಪಕಾರ ಮಾಡುವ ದನಿಯಲ್ಲಿ. "ನಿಮ್ಮ ಪೆಟ್ಟಿಗೆಯಲ್ಲಿತ್ತು ಎಂದು ನಾನು ಬರೆದಿಲ್ಲ."

ನಾನು ಸಹಿ ಹಾಕಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು, ಅದಕ್ಕೆ ಸಹಿ ಹಾಕಿ ಅಧ್ಯಕ್ಷರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಭದ್ರಪ್ಪನನ್ನು ಆ ವಾರವೇ ಕಳಿಸಿಬಿಟ್ಟರು. ದಿನಗೂಲಿಯವನನ್ನು ಬಿಡಿಸಲು ನನ್ನ ಸಹಿ ಬೇಕಾಗಿರಲೇ ಇಲ್ಲ.

ಕೆಲಸ ಹೋದ ಮೇಲೂ ಭದ್ರಪ್ಪ ಒಂದು ತಿಂಗಳು ನಮ್ಮ ಮನೆಗೆ ಬರುತ್ತಿದ್ದ. ರಹೀಂ ಸಾಬ್ರು ತರೀಕೆರೆಯಿಂದ ಭಾನುವಾರ ಬರುತ್ತಿದ್ದರು, ಮೈದಾ ಅಂಟಿಗೆ ಮೈಲುತುತ್ತ ಹಾಕಿ ಕಾಯಿಸಿ ತಂದು, ತೆಳ್ಳನೆಯ ಕಾಗದ ಹಿಂದೆ ಕೊಟ್ಟು ನಾಲ್ಕು ನಾಲ್ಕು ತುಂಡು ಕೂಡಿಸುತ್ತಿದ್ದರು. ಎಲ್ಲ ನಡೆದದ್ದು ನಮ್ಮ ಮನೆಯ ಹೊರಜಗಲಿಯಲ್ಲಿ. ಒಳಗೆ ತಂದರೆ ನಮ್ಮತ್ತೆ ಸುಮ್ಮನಿರುತ್ತಿರಲಿಲ್ಲ, ಅದು ನನಗೂ ಸರಿ ಅನ್ನಿಸುತ್ತಿರಲಿಲ್ಲ. ಭದ್ರಪ್ಪ ಜೋಡಿಸಿಕೊಡುವುದು, ಸಾಬ್ರು ಅಂಟಿಸುವುದು, ನಾನು ತಾರೀಖು ನೋಡಿ ಹಿಂದೆ ಗುರುತು ಹಾಕುವುದು.

"ಅಲ್ಲ ಕಣೋ ಭದ್ರಪ್ಪ, ನಮ್ಮಲ್ಲಿ ಹೂತ್ಮೇಲೆ ಎತ್ತೋದಿಲ್ಲ, ನಿಮ್ಮಲ್ಲಿ ಸುಟ್ಮೇಲೆ ಹುಡುಕೋದಿಲ್ಲ. ನಿನ್ ದೆಸೆಯಿಂದ ಇಷ್ಟ್ ಜನ ಎದ್ದು ಕೂತ್ರಲ್ಲೋ," ಎಂದು ಸಾಬ್ರು ಒಮ್ಮೆ ಹೇಳಿದಾಗ, ಕೆಲಸ ಹೋದ ಮೇಲೆ ಮೊದಲ ಸಲ ಭದ್ರಪ್ಪ ನಕ್ಕ.

ಅಂಟಿಸುವ ಕೆಲಸ ಅರ್ಧವಾಗುವ ಹೊತ್ತಿಗೆ ನಾನು ಅಜ್ಜಂಪುರಕ್ಕೆ ಹೋಗಿ ನಿಂಗಮ್ಮನವರಿಗೆ ಎಲ್ಲ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಹುರುಳಿ ಆರಿಸುತ್ತಾ ಕೇಳಿಸಿಕೊಂಡರು. ಹರಿದವನು ಹೇಗೆ ಹರಿದ ಎಂಬುದನ್ನು ಎರಡು ಸಲ ಹೇಳಿಸಿಕೊಂಡರು.

"ಅವ್ನು ಮನುಷ್ಯ ಮಾಡೋ ಕೆಲ್ಸ ಮಾಡವ್ನೆ. ನಮ್ಮಣ್ಣ ಹರೀಲಿಲ್ಲ, ಅವ್ನು ಹರ್ದ. ಇಬ್ರಿಗೂ ಅದು ಏನು ಅಂತ ಗೊತ್ತಿತ್ತು," ಎಂದರು. "ಗುಡ್ಡೆ ಹಾಕ್ದೋನಿಗೆ ಗೊತ್ತಿರ್ಲಿಲ್ಲ ನೋಡು."

ಅಂಟಿಸಿದ್ದು ಮುಗಿದ ಮೇಲೆ ನಿಂಗಮ್ಮನವರೇ ಕಡೂರಿಗೆ ಬಂದರು. ನಾನು ಕಾಗದಗಳನ್ನೆಲ್ಲ ಮತ್ತೆ ಅದೇ ತಂತಿಗೆ ಚುಚ್ಚಿ, ಪಂಚೆಯಲ್ಲಿ ಗಂಟು ಕಟ್ಟಿ ಕಚೇರಿಗೆ ತಂದಿದ್ದೆ, ಮನೆಯಲ್ಲೇ ಇಟ್ಟುಕೊಂಡರೆ ಕದ್ದ ಅಪವಾದ ಬರುತ್ತದೆಂದು. ಅವರು ಸಾಹೇಬರ ಎದುರು ನಿಂತೇ ಕೇಳಿದರು, ನಮ್ಮ ಕೊಟ್ಟಿಗೇದು ನಮಗೆ ಕೊಡಿ ಎಂದು. ಟ್ರಸ್ಟಿಗೆ ಬಂದ ಯಾವುದನ್ನೂ ವಾಪಸು ಕೊಡುವ ನಿಯಮವಿಲ್ಲ ಎಂದು ಸಾಹೇಬರು ವಿವರಿಸತೊಡಗಿದರು. ನಿಂಗಮ್ಮನವರು ಸೊಂಟದಲ್ಲಿ ಸಿಕ್ಕಿಸಿದ್ದ ರಸೀದಿ ಬಿಚ್ಚಿ ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಓದಿ ಹೇಳಿ, ಸ್ವಾಮಿ, ಕೊಟ್ಟಿಗೇದು ಎಲ್ಲೈತೆ. ನಿಮ್ಮ ಕೈಲಿ ಬರ್ಯಕ್ಕೂ ಆಗ್ದೇ ಇದ್ದುದ್ದು ನಿಮ್ದು ಹೆಂಗಾಯ್ತು?"

ಸಾಹೇಬರು ಓದಿದರು. ಮತ್ತೆ ಓದಿದರು. ಸಗಣಿ ವಾಸನೆಯೆಂದು ತಾವೇ ಬಿಟ್ಟ ಸಾಲು ಎಲ್ಲಿಂದ ಸಿಗಬೇಕು? ನಿಂಗಮ್ಮನವರು ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಆ ದಿನ ನಾನು ಮಧ್ಯಾಹ್ನದ ಊಟ ಎರಡು ಸಲ ಬಡಿಸಿಕೊಂಡು ತಿಂದೆ.

ತಂತಿ ಹಳೆಯ ಮೊಳೆಗೇ ಹೋಯಿತು. ರಜೆಯಲ್ಲಿ ನಾನು ಹೋಗಿ, ಮೇಷ್ಟ್ರು ಕೂರುತ್ತಿದ್ದ ಸ್ಟೂಲಿನಲ್ಲೇ ಕೂತು ಅದರ ಪೂರ್ತಿ ಪಟ್ಟಿ ಮಾಡಿದೆ. ಪಟ್ಟಿಯನ್ನು ಟ್ರಸ್ಟಿನ ರಿಜಿಸ್ಟರಿಗೆ ಸೇರಿಸಿ, ಇರುವ ಸ್ಥಳ ಎಂಬ ಕಡೆ "ನಿಂಗಮ್ಮನವರ ಕೊಟ್ಟಿಗೆ, ಅಜ್ಜಂಪುರ" ಎಂದು ಟೈಪು ಮಾಡಿದೆ. ಸಾಹೇಬರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ರಿಜಿಸ್ಟರಿನ ಪ್ರತಿ ತೆಗೆಯುವಾಗಲೆಲ್ಲ ನಾನು ಮತ್ತೆ ಟೈಪು ಮಾಡುತ್ತಿದ್ದೆ. ಅವರು ಮತ್ತೆ ಹೊಡೆಯುತ್ತಿದ್ದರು. ಇದು ನಾನು ಅಲ್ಲಿ ಇರುವ ತನಕ ನಡೆಯಿತು.

ಎಂಬತ್ತರ ದಶಕದಲ್ಲಿ ಮೇಷ್ಟ್ರ ಕೊನೆಯ ಪುಸ್ತಕವನ್ನು ಅಚ್ಚು ಹಾಕಿಸುವ ಮಾತು ಬಂತು. ಸಂಪಾದಕರು ಸಾಹೇಬರೇ. ಆಗ ಕಂಡವು ಅವರಿಗೆ ಆ ಖಾಲಿ ಜಾಗಗಳು. ನನ್ನನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೋದರು. ನಿಂಗಮ್ಮನವರು ಹಾಲು ಕರೆಯುತ್ತಿದ್ದರು. ಏಳಲೂ ಇಲ್ಲ, ಬೈಯಲೂ ಇಲ್ಲ. ಓದಬಹುದು, ಬರೆದುಕೊಳ್ಳಬಹುದು, ಆದರೆ ಒಳಗೆ ತರುವ ಹಾಗಿಲ್ಲ, ಊರಿಗೆ ಒಯ್ಯುವ ಹಾಗೂ ಇಲ್ಲ, ನಮ್ಮಣ್ಣ ಕೂತ ಕಡೆ ಕೂತು ಓದಿ ಎಂದರು. ಸಾಹೇಬರು ಸ್ಟೂಲನ್ನು ನೋಡಿದರು, ತಮ್ಮ ಬಿಳೀ ಪ್ಯಾಂಟು ನೋಡಿಕೊಂಡರು. ನಿಂತೇ ಎರಡು ಕಾರ್ಡು ಓದಿದರು. ಅದರಲ್ಲಿ ಒಂದು ಎಮ್ಮೆ ಈದದ್ದು, ನಾನೇ ತೆಗೆದು ಕೈಗೆ ಕೊಟ್ಟಿದ್ದೆ. ಓದಿ, ಇಂಟರೆಸ್ಟಿಂಗ್ ಎಂದರು. ಹಸು ಬಾಲ ಬೀಸಿತು. ಮತ್ತೆ ಬರುತ್ತೇನೆ ಎಂದು ಹೇಳಿ ಕಾರು ಹತ್ತಿದರು. ಮತ್ತೆ ಬರಲಿಲ್ಲ.

ನಾನು ಕೆಲಸ ಬಿಟ್ಟ ವರ್ಷ ಪುಸ್ತಕ ಬಂತು. ಖಾಲಿ ಜಾಗಗಳನ್ನು ಚುಕ್ಕೆಗಳಿಂದ ತುಂಬಿಸಿದ್ದರು. ಮುನ್ನುಡಿಯಲ್ಲಿ ಹೀಗಿತ್ತು: "ಇಲ್ಲಿ ಸೇರಬೇಕಾಗಿದ್ದ ಕೆಲವು ಬಿಡಿ ಕಾಗದಗಳು ಕೆಳಹಂತದ ಸಿಬ್ಬಂದಿಯ ಅಜ್ಞಾನದಿಂದ ಶಾಶ್ವತವಾಗಿ ನಷ್ಟವಾದವು." ನಷ್ಟವಾದವು ಎಂದು ಬರೆದ ಕೈ ಆ ಕಾಗದವನ್ನು ಹಿಡಿದಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ಟ್ರಸ್ಟಿಗೆ ಬರೆದೆ, ಅಚ್ಚು ಹಾಕಿದವರಿಗೆ ಬರೆದೆ, ಪತ್ರಿಕೆಗೆ ಬರೆದೆ. ಎರಡನೆಯ ಮುದ್ರಣದಲ್ಲಿ ನೋಡೋಣ ಎಂದು ಒಬ್ಬರು ಉತ್ತರಿಸಿದರು. ತತ್ವಶಾಸ್ತ್ರದ ಪುಸ್ತಕಕ್ಕೆ ಎರಡನೆಯ ಮುದ್ರಣ ಎಲ್ಲಿಂದ ಬರಬೇಕು?

ಈ ಸಾಲನ್ನು ಭದ್ರಪ್ಪನಿಗೆ ತಿಳಿಸದೆ ಇರುವುದು ಸರಿಯಲ್ಲ ಅನ್ನಿಸಿತು. ಅವನು ಈಗ ಚೌಳಹಿರಿಯೂರಿನಲ್ಲಿ ತನ್ನ ಹೊಲ ನೋಡಿಕೊಂಡಿದ್ದಾನೆ. ಕಡೂರಿನ ಸಂತೆಗೆ ಈರುಳ್ಳಿ ಹಾಕಿಕೊಂಡು ಬಂದಿದ್ದ ದಿನ ಪುಸ್ತಕ ತೆಗೆದುಕೊಂಡು ಹೋಗಿ, ಅವನ ಚೀಲಗಳ ಪಕ್ಕದಲ್ಲಿ ಕೂತು ಓದಿ ಹೇಳಿದೆ. ಮೇಷ್ಟ್ರ ಪುಸ್ತಕದಲ್ಲಿ ತನ್ನ ಸುದ್ದಿ ಬಂದಿದೆ ಎಂದು ಮೊದಲು ಸ್ವಲ್ಪ ಹಿಗ್ಗಿದ. ಆಮೇಲೆ ಇನ್ನೊಂದು ಸಲ ಓದಿಸಿಕೊಂಡ.

"ಅಜ್ಞಾನ ಅಂದ್ರೆ, ತಿಳೀದೇ ಮಾಡ್ದೆ ಅಂತಾನಾ ಅಮ್ಮಾರೆ?"

ಹೌದೆಂದೆ.

ಗಿರಾಕಿಯೊಬ್ಬಳಿಗೆ ತಕ್ಕಡಿ ಎತ್ತಿ ಈರುಳ್ಳಿ ತೂಗಿ ಕೊಟ್ಟು, ಅವಳು ಹೋದ ಮೇಲೆ ಹೇಳಿದ: "ತಿಳೀದೋನಾಗಿದ್ರೆ ದೂಳ್ ಹೊಡ್ದು ಅಲ್ಲೇ ಜೋಡ್ಸಿಟ್ಟು ಹೋಗ್ತಿದ್ದೆ ಕಣಮ್ಮಾ. ಏನು ಅಂತ ಗೊತ್ತಿದ್ದೇ ಹರ್ದೆ. ಅಷ್ಟನ್ನ ಎಲ್ಲಾದ್ರೂ ಬರೀರಿ."

ಬರೆದಿದ್ದೇನೆ.